ಕೋಡಂಗಿ ಕುಣಿಯದೆ ಅಭಿಮನ್ಯು ಆಗುವ ಅವಸರ

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಳದಲ್ಲಿ ವೇಷಧಾರಿ ಬೆಳೆಯಲು ಒಂದು ಕ್ರಮವಿತ್ತು. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ, ಆಮೇಲೆ ತರುಣ ವೀರರ ಪುಂಡುವೇಷ. ಅಲ್ಲಿಂದ ಕಿರೀಟ ವೇಷ, ಕೆಲವರಿಗೆ ರಾಕ್ಷಸ ಪಾತ್ರಗಳ ಬಣ್ಣದ ವೇಷ. ಮೊದಲ ಹಂತಗಳೆಲ್ಲ ಕಥೆ ಶುರುವಾಗುವ ಮೊದಲಿನ ಪೂರ್ವರಂಗದಲ್ಲೇ ನಡೆಯುತ್ತಿದ್ದವು. ಆಟ ಇಡೀ ರಾತ್ರಿಯಿಂದ ಕೆಲವೇ ಗಂಟೆಗಳ ಕಾಲಮಿತಿಗೆ ಇಳಿದಾಗ ಮೊದಲು ಕತ್ತರಿ ಬಿದ್ದದ್ದೂ ಅದಕ್ಕೇ.

ಪೂರ್ವರಂಗದ ಹೊತ್ತಿಗೆ ಜನ ಇನ್ನೂ ಬರುತ್ತಿರುತ್ತಾರೆ. ಹೆಜ್ಜೆ ತಪ್ಪಿದರೆ ಆಡಿಕೊಳ್ಳುವವರಿಲ್ಲ, ಆದರೆ ಹಿಮ್ಮೇಳ ನಿಜವಾದದ್ದು. ಹಾಡುವವನೂ ಹೆಚ್ಚಾಗಿ ಭಾಗವತ, ಅಂದರೆ ಮುಖ್ಯ ಗಾಯಕ, ಆಗಲು ಕಲಿಯುತ್ತಿರುವ ‘ಸಂಗೀತಗಾರ’. ತರಗತಿಯಲ್ಲಿ ತ್ರಿವುಡೆ ತಾಳಕ್ಕೆ 7, ಝಂಪೆಗೆ 10, ಅಷ್ಟಕ್ಕೆ 14 ಅಕ್ಷರ ಎಂದು ಲೆಕ್ಕ ಕಲಿಯಬಹುದು. ಭಾಗವತರು ತಾಳದ ವೇಗ ಏರಿಸಿ ಥಟ್ಟನೆ ಮುಕ್ತಾಯಕ್ಕೆ ಬಂದಾಗ ಆ ಲೆಕ್ಕ ಸಾಲದು. ಮನಸ್ಸಿನಲ್ಲಿ ಎಣಿಸುತ್ತ ಕುಣಿಯುವವನು ಅರ್ಧ ಹೆಜ್ಜೆ ಹಿಂದೆ ಬೀಳುತ್ತಾನೆ. ಮದ್ದಳೆಗೆ ಕಿವಿಗೊಟ್ಟವನು ಬೀಳುವುದಿಲ್ಲ. ಈ ಕಿವಿ ರಂಗದ ಮೇಲೆಯೇ ತಯಾರಾಗಬೇಕು.

ಪುಂಡುವೇಷವೆಂದರೆ ಅಭಿಮನ್ಯು, ಬಭ್ರುವಾಹನ, ಚಂಡಮುಂಡರು. ದಿಗಿಣ, ಅಂದರೆ ಹಾರಿ ತಿರುಗುವ ಕುಣಿತ, ಹೊಡೆಯುವ ಪಾತ್ರಗಳು. ಹಾರುವುದಕ್ಕಿಂತ ಇಳಿಯುವುದನ್ನು ಮೊದಲು ಕಲಿಸಬೇಕು: ಮುಂಗಾಲು ಮೊದಲು ನೆಲಕ್ಕೆ ತಾಗಬೇಕು, ಮಂಡಿ ಮಡಿಯಬೇಕು. ನೆಟ್ಟಗಿನ ಕಾಲಲ್ಲಿ ಹಿಮ್ಮಡಿ ಊರಿ ಇಳಿದರೆ ಪೆಟ್ಟು ನೇರ ಮಂಡಿಗೆ, ಸೊಂಟಕ್ಕೆ. ಹಲಗೆಯ ರಂಗಸ್ಥಳ ಸ್ವಲ್ಪ ಬಳುಕುತ್ತದೆ. ಸಭಾಭವನದ ಕಾಂಕ್ರೀಟು ಬಳುಕುವುದಿಲ್ಲ. ಅಲ್ಲಿ ದಿಗಿಣಗಳ ಸಂಖ್ಯೆ ಕಡಿಮೆ ಮಾಡುವುದೇ ವಿವೇಕ. ಚಪ್ಪಾಳೆಗೆ ಸೋತು ಎಳೆಯರು ಇದನ್ನು ಮರೆಯುತ್ತಾರೆ, ಮೇಳದವರು ನೆನಪಿಸುವುದೂ ಇಲ್ಲ. ಇದು ನೋವಿನ ಸಂಗತಿ.

ವೇಷ ಕಟ್ಟುವ ಚೌಕಿಯ ಕೆಲಸವೂ ಹೀಗೇ ಮೆಟ್ಟಿಲು ಹತ್ತಿ ಬರಬೇಕು. ಮುಖಕ್ಕೆ ತೆಂಗಿನೆಣ್ಣೆ ಹೆಚ್ಚಾದರೆ ಬೆವರಿಗೆ ಬಣ್ಣ ಇಳಿಯುತ್ತದೆ. ತಲೆಗೆ ಕಟ್ಟುವ ಕೇದಗೆ ಮುಂದಲೆ ಸಡಿಲವಾದರೆ ಮೊದಲ ಸುತ್ತಿಗೇ ವಾಲುತ್ತದೆ, ಬಿಗಿಯಾದರೆ ತಲೆನೋವಿನಲ್ಲಿ ಮಾತು ತಪ್ಪುತ್ತದೆ. ಬಣ್ಣದ ವೇಷದವನು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಉಬ್ಬು ಚುಕ್ಕೆಗಳ ಚುಟ್ಟಿ ಇಡಲು ಗಂಟೆಗಟ್ಟಲೆ ಕೂರಬೇಕು. ಹಿಟ್ಟು ನೀರಾದರೆ ಚುಟ್ಟಿ ನಿಲ್ಲದು.

ಕುಣಿತಕ್ಕಿಂತ ಹೆಚ್ಚು ಕಾಲ ಬಾಳುವುದು ಅರ್ಥ, ಅಂದರೆ ಪಾತ್ರದ ಮಾತು. ಆಟದ ಕೃತಿಯಾದ ಪ್ರಸಂಗದಲ್ಲಿ ಇರುವುದು ಪದ್ಯ ಮಾತ್ರ, ಮಾತು ವೇಷಧಾರಿಯದೇ. ಕುಮಾರವ್ಯಾಸ, ತೊರವೆ ರಾಮಾಯಣ, ಜೈಮಿನಿ ಭಾರತ ಓದದವನು ಎದುರಿನವನ ಪ್ರಶ್ನೆಗೆ ಪದ್ಯವನ್ನೇ ಗದ್ಯ ಮಾಡಿ ಒಪ್ಪಿಸಿ ಸುಮ್ಮನಾಗುತ್ತಾನೆ. ಯಕ್ಷಗಾನ ಕಲಾವಿದ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಹೆಸರು ಇಂದಿಗೂ ಉಳಿದಿರುವುದು ಮಾತಿನ ಬಲದಿಂದ. ಮೇಳದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿವರೆಗಿನ ಮಳೆಗಾಲವೇ ಓದುವ ಕಾಲ. ಕೆಲವರು ಆಗ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ, ಹೊಟ್ಟೆಪಾಡು, ತಪ್ಪೆನ್ನುವಂತಿಲ್ಲ. ಆದರೂ ವೇಷ, ಕುಣಿತವಿಲ್ಲದೆ ಕೂತು ಅರ್ಥ ಹೇಳುವ ತಾಳಮದ್ದಳೆ ಕೂಟಗಳಲ್ಲಿ ಸಣ್ಣ ಅರ್ಥವನ್ನಾದರೂ ಕೇಳಿ ಪಡೆಯಬೇಕು. ಮಂಡಿ ಸೋತ ಮೇಲೆ ಭೀಷ್ಮ, ವಿದುರ, ಸಂಧಾನದ ಕೃಷ್ಣನಂಥ ಪಾತ್ರಗಳು ಕೈಹಿಡಿಯುವುದು ಇಂಥ ತಯಾರಿ ಇದ್ದವನನ್ನೇ.

ಕಾಲಮಿತಿಯನ್ನು ಹಿಂದಕ್ಕೆ ತಿರುಗಿಸಲಾಗದು. ಆದರೆ ಚೌಕಿಪೂಜೆ ಮುಗಿದೊಡನೆ ಅರ್ಧ ಗಂಟೆ ರಂಗಸ್ಥಳವನ್ನು ಕಲಿಯುವ ಹುಡುಗರಿಗೆ ಬಿಟ್ಟುಕೊಡಲಾದೀತು. ಸಂಗೀತಗಾರ ಹಾಡಲಿ, ಮದ್ದಳೆಗಾರರೊಬ್ಬರು ಕೂರಲಿ, ಪ್ರೇಕ್ಷಕರು ಇಲ್ಲದಿದ್ದರೂ ಸರಿ.