ಮ್ಯಾಕ್ರೋಗೆ ಕೈ ಹಾಕುವ ಮೊದಲು ಕ್ಯಾಮೆರಾ ಬೇಸಿಕ್ಸ್ ಕಲಿಯಲೇಬೇಕಾ?

ಓದುಗರ ಪ್ರಶ್ನೆ: ಹೊಸದಾಗಿ ಕ್ಯಾಮೆರಾ ಕೊಂಡಿದ್ದೇನೆ. ಹುಳ, ಹೂವುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಆಸೆ. ನೇರವಾಗಿ ಮ್ಯಾಕ್ರೋ ಲೆನ್ಸ್ ಕೊಂಡು ಶುರು ಮಾಡಬಹುದಾ, ಇಲ್ಲ ಅಪರ್ಚರ್, ಶಟರ್ ಸ್ಪೀಡ್, ಐಎಸ್ಒ ಎಲ್ಲ ಮೊದಲು ಕಲಿಯಬೇಕಾ?

ಮೊದಲು ಕಲಿಯಿರಿ. ಎಲ್ಲವನ್ನೂ ಅಲ್ಲ, ನೀವು ಹೆಸರಿಸಿದ ಆ ಮೂರು ಮತ್ತು ಫೋಕಸ್, ಇಷ್ಟು ಸಾಕು. ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರ, ಶಟರ್ ಸ್ಪೀಡ್ ಅಂದರೆ ಬೆಳಕು ಒಳಬರುವ ಹೊತ್ತು, ಐಎಸ್ಒ ಅಂದರೆ ಆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ. ಲೆನ್ಸ್ ಆಮೇಲೆ ನೋಡೋಣ.

ಯಾಕೆ ಅಂದರೆ, ಮಾಮೂಲಿ ಫೋಟೋಗಳಲ್ಲಿ ಆಟೋ ಮೋಡ್ ನಮ್ಮನ್ನು ಎಷ್ಟೋ ಸಲ ಕಾಪಾಡುತ್ತದೆ. ಮೂರು ಮೀಟರ್ ದೂರ ನಿಂತವರ ಫೋಟೋದಲ್ಲಿ ಫೋಕಸ್ ಒಂದೆರಡು ಇಂಚು ಆಚೀಚೆ ಆದರೂ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಮ್ಯಾಕ್ರೋದಲ್ಲಿ ಲೆಕ್ಕವೆಲ್ಲ ಮಿಲಿಮೀಟರಿನದು. 1:1 ಅಂದರೆ ವಸ್ತು ಎಷ್ಟು ದೊಡ್ಡದೋ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಚಿಪ್) ಮೇಲೆ ಬೀಳುವ ಬಿಂಬವೂ ಅಷ್ಟೇ ದೊಡ್ಡದು. ಫುಲ್ ಫ್ರೇಮ್ ಅನ್ನುವ ದೊಡ್ಡ ಸೆನ್ಸರಿನ ಅಗಲ 36 ಮಿ.ಮೀ., ಹಾಗಾಗಿ 36 ಮಿ.ಮೀ. ಉದ್ದದ ಚಿಟ್ಟೆ ಇಡೀ ಚಿತ್ರವನ್ನು ತುಂಬಿಕೊಳ್ಳುತ್ತದೆ. ಅಷ್ಟು ಹತ್ತಿರದಲ್ಲಿ ಅಪರ್ಚರ್ ಎಫ್/8 (ಈ ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಚಿಕ್ಕದು, ಸ್ಪಷ್ಟ ಭಾಗ ಹೆಚ್ಚು ಆಳ) ಇಟ್ಟರೂ ಸ್ಪಷ್ಟವಾಗಿ ಕಾಣುವ ಭಾಗದ ಆಳ ಸುಮಾರು 1 ಮಿ.ಮೀ. ಮಾತ್ರ, ಎಫ್/2.8ರಲ್ಲಿ ಅದರ ಮೂರನೇ ಒಂದು ಭಾಗ. ಕಣ್ಣು ಶಾರ್ಪ್ ಬಂದರೆ ಕಾಲು ಮಸುಕು.

ಹಾಗಾದರೆ ಎಫ್/22ಕ್ಕೆ ಹೋಗೋಣ ಅನ್ನಿಸುತ್ತದೆ, ಅಲ್ವಾ? ಅಲ್ಲೇ ಎಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳೋದು. ರಂಧ್ರ ತುಂಬ ಚಿಕ್ಕದಾದರೆ ಬೆಳಕು ಬಾಗಿ ಹರಡುತ್ತದೆ, ಈ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆದುವಾಗುತ್ತದೆ. ಅದರ ಮೇಲೆ, 1:1ರಲ್ಲಿ ಸೆನ್ಸರಿಗೆ ತಲುಪುವ ಬೆಳಕು ಹೆಚ್ಚುಕಡಿಮೆ ಎರಡು ಸ್ಟಾಪ್ ಕಮ್ಮಿ, ಅಂದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಬೆಳಕು ಕಮ್ಮಿ ಆದರೆ ಶಟರ್ ನಿಧಾನವಾಗಬೇಕು, ಆದರೆ ಇಲ್ಲಿ ವಸ್ತುವಿನ ಜೊತೆ ಕೈನಡುಕವೂ ದೊಡ್ಡದಾಗಿ ಕಾಣುತ್ತದೆ, 100 ಮಿ.ಮೀ. ಲೆನ್ಸಿಗೆ 1/100 ಸೆಕೆಂಡ್ ಸಾಕು ಅನ್ನುವ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಶಟರ್ ಬಿಟ್ಟು ಐಎಸ್ಒ ಏರಿಸಿದರೆ ನಾಯ್ಸ್, ಅಂದರೆ ಚಿತ್ರದ ತುಂಬ ಕಾಳುಕಾಳು ಚುಕ್ಕೆ. ಈ ಎಳೆದಾಟ ಅರ್ಥವಾಗದವರಿಗೆ ಫೋಟೋ ಮಸುಕಾಗಿದ್ದು ಫೋಕಸ್ ತಪ್ಪಿದ್ದರಿಂದಲೋ, ಕೈ ಅಲುಗಿದ್ದರಿಂದಲೋ, ಡಿಫ್ರಾಕ್ಷನ್‌ನಿಂದಲೋ ಗೊತ್ತಾಗುವುದಿಲ್ಲ. ಲೆನ್ಸೇ ಸರಿ ಇಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ನನಗೆ ಬೇಸರ ಆಗೋದು ಇದಕ್ಕೇ.

ಈ ಗಂಟು ಬಿಡಿಸಲು ಹೆಚ್ಚಿನವರು ಫ್ಲ್ಯಾಶ್ ಬಳಸುತ್ತಾರೆ. ಕಮ್ಮಿ ಪವರಿನಲ್ಲಿ ಅದು ಮಿಂಚುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು, ಹಾಗಾಗಿ ಅಲುಗಾಟ ಅಲ್ಲೇ ನಿಲ್ಲುತ್ತದೆ, ಐಎಸ್ಒ ಕೂಡ ಕೆಳಗಿಡಬಹುದು. ಫ್ಲ್ಯಾಶ್ ಮುಂದೆ ಬೆಳಕನ್ನು ಹರಡಿ ಮೆದು ಮಾಡುವ ಬಿಳಿ ಡಿಫ್ಯೂಸರ್ ಇರಲಿ, ಇಲ್ಲದಿದ್ದರೆ ಹುಳದ ಬೆನ್ನಿನ ಹೊಳಪು ಕಣ್ಣು ಕುಕ್ಕುತ್ತದೆ.

ಅಭ್ಯಾಸಕ್ಕೆ ಈಗಿರುವ ಲೆನ್ಸೇ ಸಾಕು. ಕಿಟಕಿ ಬೆಳಕಿನಲ್ಲಿ ಒಂದು ನಾಣ್ಯವನ್ನು ಓರೆಯಾಗಿ ನಿಲ್ಲಿಸಿ, ಲೆನ್ಸ್ ಫೋಕಸ್ ಮಾಡುವಷ್ಟು ಹತ್ತಿರ ಹೋಗಿ. ಅಪರ್ಚರ್ ಪ್ರಯಾರಿಟಿ ಮೋಡಿನಲ್ಲಿ (ಅಪರ್ಚರ್ ನೀವು ಇಡುತ್ತೀರಿ, ಶಟರ್ ಕ್ಯಾಮೆರಾ ನೋಡಿಕೊಳ್ಳುತ್ತದೆ) ಎಫ್/5.6, ಎಫ್/11, ಎಫ್/22 ಇಟ್ಟು ಒಂದೊಂದು ತೆಗೆದು, ದೊಡ್ಡದು ಮಾಡಿ ಹೋಲಿಸಿ ನೋಡಿ. ಎಷ್ಟು ಅಕ್ಷರ ಶಾರ್ಪ್ ಇದೆ, ಶಟರ್ ಎಷ್ಟು ನಿಧಾನವಾಯಿತು, ಎಲ್ಲ ಕಣ್ಣೆದುರೇ ಕಾಣುತ್ತದೆ. ಆಮೇಲೆ ಮ್ಯಾನ್ಯುವಲ್ ಫೋಕಸಿಗೆ ಹಾಕಿ, ರಿಂಗ್ ಮುಟ್ಟದೆ, ನೀವೇ ಸ್ವಲ್ಪ ಮುಂದೆ ಹಿಂದೆ ಬಾಗುತ್ತ ಬೇಕಾದ ಅಕ್ಷರ ಸ್ಪಷ್ಟವಾದ ಕ್ಷಣಕ್ಕೆ ಕ್ಲಿಕ್ ಮಾಡಿ. ಮ್ಯಾಕ್ರೋ ಮಾಡುವವರು ಹುಳಕ್ಕೂ ಹೀಗೇ ಫೋಕಸ್ ಮಾಡೋದು. ನಾಣ್ಯ ಹಾರಿಹೋಗುವುದಿಲ್ಲ, ಆರಾಮಾಗಿ ಕಲಿಯಬಹುದು.

ಇದು ಕೈಗೆ ಕೂತ ಮೇಲೂ ದುಬಾರಿ ಲೆನ್ಸಿಗೆ ಅವಸರ ಬೇಡ, ಮೊದಲು ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಹಾಕುವ ಟ್ಯೂಬ್ ನೋಡಿ. ಎಕ್ಸ್‌ಟೆನ್ಷನ್ ಟ್ಯೂಬ್ ಒಳಗೆ ಗಾಜೇ ಇರುವುದಿಲ್ಲ, ಲೆನ್ಸನ್ನು ಸೆನ್ಸರಿನಿಂದ ದೂರ ಸರಿಸುತ್ತದೆ ಅಷ್ಟೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ವಸ್ತುವಿನ ಅರ್ಧ ಗಾತ್ರದ ಬಿಂಬ ಆರಾಮಾಗಿ ಸಿಗುತ್ತದೆ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇರುವ ಟ್ಯೂಬನ್ನೇ ಕೊಳ್ಳಿ, ಇಲ್ಲದಿದ್ದರೆ ಈಗಿನ ಬಹುತೇಕ ಲೆನ್ಸುಗಳಲ್ಲಿ ಅಪರ್ಚರ್ ಬದಲಿಸೋಕೆ ಆಗುವುದಿಲ್ಲ. ಮುಂದೆ ಮ್ಯಾಕ್ರೋ ಲೆನ್ಸೇ ಬೇಕೆನಿಸಿದರೆ, ಹುಳಗಳಿಗೆ 90ರಿಂದ 105 ಮಿ.ಮೀ. ಒಳಗಿನದು ಒಳ್ಳೆಯದು. 50 ಅಥವಾ 60 ಮಿ.ಮೀ. ಆದರೆ ತೀರಾ ಹತ್ತಿರ ಹೋಗಬೇಕು, ಲೆನ್ಸಿನ ನೆರಳು ಬಿದ್ದು ಹುಳ ಹಾರಿಬಿಡುತ್ತದೆ.