ಇದ್ದಿಲಿಗೂ ಇದೆ ಒಂದು ನಂಬರ್

ಒಲೆಯಲ್ಲಿ ಇದ್ದಿಲು ಹೊತ್ತಿಸಲು ಊದಿ ಊದಿ ಸಾಕಾಗುತ್ತದೆ. ಅದೇ ಇದ್ದಿಲು ಹಡಗಿನ ಕಂಟೇನರಿನೊಳಗೆ ಯಾರೂ ಕಡ್ಡಿ ಗೀರದೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊಸದಾಗಿ ಸುಟ್ಟ ಇದ್ದಿಲಿನ ಸಣ್ಣ ಸಣ್ಣ ರಂಧ್ರಗಳು ಗಾಳಿಯ ಆಮ್ಲಜನಕವನ್ನು ಹೀರುತ್ತವೆ, ಹೀರುವಾಗ ಬಿಸಿ ಹುಟ್ಟುತ್ತದೆ. ಒಂದೇ ಚೀಲವಾದರೆ ಆ ಬಿಸಿ ಸುತ್ತಲ ಗಾಳಿಗೆ ಹೋಗುತ್ತದೆ. ಚೀಲಗಳನ್ನು ಛಾವಣಿ ಮುಟ್ಟುವಂತೆ ಒತ್ತಿ ತುಂಬಿದರೆ ನಡುವಿನ ಬಿಸಿಗೆ ದಾರಿಯೇ ಇಲ್ಲ. ಬಿಸಿ ಏರಿದಷ್ಟೂ ಕ್ರಿಯೆ ಚುರುಕಾಗುತ್ತದೆ, ಕೊನೆಗೆ ಬೆಂಕಿ.

ಅಪಾಯಕಾರಿ ಸರಕಿನ ಸಮುದ್ರ ಸಾಗಣೆಗೆ ಇರುವುದು ಐಎಂಡಿಜಿ ಕೋಡ್ ಎಂಬ ಅಂತಾರಾಷ್ಟ್ರೀಯ ನಿಯಮಾವಳಿ. 1965ರಲ್ಲಿ ಶುರುವಾದ ಇದು ಕಡ್ಡಾಯವಾದದ್ದು 2004ರಲ್ಲಿ. ಸರಕಿಗೆ 9 ವರ್ಗ, ಪ್ರತಿ ವಸ್ತುವಿಗೆ ನಾಲ್ಕಂಕಿಯ ಯುಎನ್ ಸಂಖ್ಯೆ. ಇದ್ದಿಲಿನದು 1361, ವರ್ಗ 4.2, ಅಂದರೆ ತಾನಾಗಿ ಹೊತ್ತಿಕೊಳ್ಳುವ ವಸ್ತು.

ಮಾದರಿಯೊಂದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಪಾಸಾದರೆ ಮೊದಲು ಇದ್ದಿಲು ಸಾಮಾನ್ಯ ಸರಕಾಗಿಬಿಡುತ್ತಿತ್ತು. ಆದರೆ ಅಂಗೈಯಗಲದ ತುಂಡು ಹೇಳುವುದು ತನ್ನ ಕಥೆಯನ್ನಷ್ಟೇ. 2026ರ ಜನವರಿಯಿಂದ ಈ ವಿನಾಯಿತಿ ರದ್ದಾಗಿದೆ. ಈಗ ಸುಟ್ಟ ಇದ್ದಿಲನ್ನು ಸಾಮಾನ್ಯವಾಗಿ 14 ದಿನ ಮಾಡಿನಡಿ ಗಾಳಿಗೆ ಬಿಡಬೇಕು. ತುಂಬುವ ದಿನ ಅದರ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಕಂಟೇನರಿನ ಛಾವಣಿಯ ಕೆಳಗೆ 30 ಸೆಂ.ಮೀ. ಖಾಲಿ ಇರಬೇಕು. ಪೇರಿಕೆ 1.5 ಮೀಟರ್ ದಾಟಬಾರದು. ದಾಟುವುದಾದರೆ ಚೀಲಗಳನ್ನು ಗುಂಪು ಮಾಡಿ ನಡುವೆ 15 ಸೆಂ.ಮೀ. ಸಂದು ಬಿಡಬೇಕು. ಸುಟ್ಟ ದಿನ, ತುಂಬಿದ ದಿನ, ಅಂದಿನ ಉಷ್ಣಾಂಶ, ಮೂರೂ ಘೋಷಣಾಪತ್ರದಲ್ಲಿ ಬರಬೇಕು.

ಕಂಟೇನರಿನ ನಾಲ್ಕೂ ಬದಿಗೆ 25 ಸೆಂ.ಮೀ. ಚೌಕದ ಪ್ಲಕಾರ್ಡ್: ಮೇಲರ್ಧ ಬಿಳಿ, ಕೆಳಗರ್ಧ ಕೆಂಪು, ಮೇಲೊಂದು ಜ್ವಾಲೆ. ಮೂರು ತಿಂಗಳು ಸಮುದ್ರದಲ್ಲಿ ಮುಳುಗಿದ್ದರೂ ಇದನ್ನು ಓದಲು ಬರಬೇಕು. ಅತಿಯಾಯಿತು ಅನಿಸಬಹುದು. ಆದರೆ ಕಳಚಿಬಿದ್ದ ಕಂಟೇನರ್ ತೇಲಿ ದಡ ಸೇರಿದಾಗ, ಅದರ ಬಳಿ ಮೊದಲು ಹೋಗುವವರ ಕೈಯಲ್ಲಿ ಬೇರೆ ಯಾವ ದಾಖಲೆಯೂ ಇರುವುದಿಲ್ಲ.

ದೊಡ್ಡ ಪೇಚು ಎಂದರೆ ಹಡಗಿನವರು ಕಂಟೇನರ್ ತೆರೆದು ನೋಡುವುದಿಲ್ಲ. ಅದು ಸೀಲ್ ಆಗಿಯೇ ಬಂದಿರುತ್ತದೆ. ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬುದೂ ಕಾಗದದ ಮೇಲೆಯೇ ನಿರ್ಧಾರ. ಶುಲ್ಕ ಉಳಿಸಲು ಯಾರೋ ಸರಕಿನ ಹೆಸರು ಬದಲಿಸಿದರೆ, ಬೆರೆತರೆ ವಿಷಾನಿಲ ಹುಟ್ಟಿಸುವ ಆಮ್ಲವೂ ಸಯನೈಡೂ ಅಕ್ಕಪಕ್ಕ ಕೂರಬಹುದು.

ಬಾಗಿಲ ಸಂದಿನಲ್ಲಿ ಹೊಗೆ ಕಂಡಾಗ ಹೊರಗಿನಿಂದ ನೀರು ಸುರಿದರೆ ಒಳಗಿನ ಬೆಂಕಿಗೆ ಹೆಚ್ಚೇನೂ ಆಗದು. ಅದಕ್ಕೇ 2016ರಿಂದ ಕಟ್ಟಿದ ಹಡಗುಗಳು ಡೆಕ್ ಮೇಲೆ ಕಂಟೇನರ್ ಒಯ್ಯುವುದಾದರೆ ಉಕ್ಕಿನ ಗೋಡೆ ತೂರಿ ಒಳಗೆ ನೀರಿನ ಮಂಜು ಚಿಮ್ಮಿಸುವ ಚೂಪು ಕೊಳವೆ ಇಟ್ಟುಕೊಂಡಿರಲೇಬೇಕು. ಚುಚ್ಚುವ ಮುನ್ನ ಸರಕಿನ ಪಟ್ಟಿಯಲ್ಲಿ ಯುಎನ್ ನಂಬರ್ ನೋಡುತ್ತಾರೆ. 1361 ಆದರೆ ನೀರು ಬಿಡಬಹುದು. 1402, ಅಂದರೆ ಕ್ಯಾಲ್ಸಿಯಂ ಕಾರ್ಬೈಡ್ ಆದರೆ ಅದೇ ನೀರು ತಾಗಿದೊಡನೆ ಅಸಿಟಿಲೀನ್ ಎಂಬ ಉರಿಯುವ ಅನಿಲ ಏಳುತ್ತದೆ.