ಋಣವನ್ನು ಋಣದಿಂದ ಗುಣಿಸಿದರೆ ಧನವೇ ಏಕೆ?

ಎರಡು ಋಣ ಸಂಖ್ಯೆಗಳನ್ನು ಗುಣಿಸಿದರೆ ಧನ ಸಂಖ್ಯೆ ಬರುತ್ತದೆ ಎಂಬುದನ್ನು ನಾವೆಲ್ಲರೂ ಬಾಯಿಪಾಠ ಮಾಡಿದವರೇ. ಏಕೆಂದು ಕೇಳಿದ ಮಗುವನ್ನು ‘ನಿಯಮವೇ ಹಾಗಿದೆ’ ಎಂದು ಸುಮ್ಮನಾಗಿಸುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇದು ಯಾರೋ ಹೊರಡಿಸಿದ ಆಜ್ಞೆಯಲ್ಲ. ಇದಕ್ಕೊಂದು ಕಾರಣವಿದೆ, ಮತ್ತು ಆ ಕಾರಣ ಕೇಳಿದ ಮಗುವಿಗೇ ಎಟುಕುವಂಥದ್ದು.

ಎಣಿಕೆಯ ಸಂಖ್ಯೆಗಳ ಜೊತೆಗೆ ಸೊನ್ನೆ ಸೇರಿದರೆ ಪೂರ್ಣ ಸಂಖ್ಯೆಗಳು. ಅವುಗಳಲ್ಲಿ 3ರಿಂದ 7ನ್ನು ಕಳೆಯಲಾಗದು. ಈ ಕೊರತೆ ನೀಗಲು −1, −2, −3 ಮುಂತಾದವನ್ನೂ ಸೇರಿಸಿಕೊಂಡರೆ ಪೂರ್ಣಾಂಕಗಳು. −4 ಎಂದರೆ 4ರೊಡನೆ ಕೂಡಿದಾಗ ಸೊನ್ನೆಯಾಗುವ ಸಂಖ್ಯೆ. ಅದರ ಅರ್ಥ ಇಷ್ಟೇ, ಆದರೆ ಮುಂದಿನದೆಲ್ಲವೂ ಇದರಿಂದಲೇ ಹೊರಡುತ್ತದೆ.

ಮೊದಲು −3ರ ಮಗ್ಗಿಯನ್ನು ಹಿಂದಕ್ಕೆ ಹೇಳಿ ನೋಡೋಣ. −3ನ್ನು 2ರಿಂದ ಗುಣಿಸಿದರೆ −6, 1ರಿಂದ ಗುಣಿಸಿದರೆ −3, ಸೊನ್ನೆಯಿಂದ ಗುಣಿಸಿದರೆ 0. ಪ್ರತಿ ಹೆಜ್ಜೆಗೂ ಉತ್ತರ 3ರಷ್ಟು ಏರುತ್ತಿರುವಾಗ, ಮುಂದೆ −1ರಿಂದ ಗುಣಿಸಿದರೆ 3 ಬಾರದೆ ಬೇರೇನು ಬಂದೀತು? ಗಂಟೆಗೆ 4 ಲೀಟರ್ ನೀರು ಸೋರುತ್ತಿರುವ ತೊಟ್ಟಿಯಲ್ಲಿ 3 ಗಂಟೆಗಳ ಹಿಂದೆ ಈಗಿಗಿಂತ 12 ಲೀಟರ್ ಹೆಚ್ಚು ನೀರಿತ್ತು. ಸೋರಿಕೆಯೂ ಋಣ, ಹಿಂದೆ ಸರಿದ ಕಾಲವೂ ಋಣ. ತಲಾ 4 ರೂಪಾಯಿಯ ಮೂರು ಸಾಲಗಳು ಮನ್ನಾ ಆದವನ ಸ್ಥಿತಿಯೂ 12 ರೂಪಾಯಿಯಷ್ಟು ಸುಧಾರಿಸುತ್ತದೆ.

ಇವು ಹೋಲಿಕೆಗಳು ಮಾತ್ರ, ನಿಯಮದ ಪುರಾವೆ ಬೇರೆಯೇ ಇದೆ. (−3) × (4 + (−4)) ಎಂಬುದನ್ನು ಗಮನಿಸಿ. ಆವರಣದೊಳಗೆ ಸೊನ್ನೆ ಇರುವುದರಿಂದ ಗುಣಲಬ್ಧವೂ ಸೊನ್ನೆ. ಆವರಣವನ್ನು ಬಿಡಿಸಿದರೆ (−3) × 4 ಮತ್ತು (−3) × (−4) ಎಂಬ ಎರಡು ಭಾಗಗಳಾಗುತ್ತವೆ, ಅವುಗಳ ಮೊತ್ತವೂ ಸೊನ್ನೆಯೇ ಆಗಬೇಕು. ಮೊದಲನೆಯದು −12. ಹಾಗಾದರೆ ಎರಡನೆಯದು −12ರೊಡನೆ ಕೂಡಿ ಸೊನ್ನೆಯಾಗುವ ಸಂಖ್ಯೆ, ಅಂದರೆ 12. ಉತ್ತರ −12 ಎಂದು ಹಟ ಹಿಡಿದರೆ, ನಿತ್ಯ ಬಳಸುವ ಆವರಣ ಬಿಡಿಸುವ ನಿಯಮವನ್ನೇ ಕೈಬಿಡಬೇಕಾಗುತ್ತದೆ.

ಸಾಲಗಳ ಗುಣಲಬ್ಧ ಸಂಪತ್ತು ಎಂಬ ಈ ಮಾತು ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ರಚಿಸಿದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿಯೇ ಇದೆ, ಧನ, ಋಣ ಎಂಬ ಹೆಸರುಗಳೂ ಅಲ್ಲಿಯವೇ. ಆದರೂ ಸಾವಿರ ವರ್ಷಗಳು ಕಳೆದ ಮೇಲೆ, 1758ರಲ್ಲಿ, ಇಂಗ್ಲೆಂಡಿನ ಗಣಿತಜ್ಞ ಫ್ರಾನ್ಸಿಸ್ ಮಸೆರೆಸ್ ಋಣ ಸಂಖ್ಯೆಗಳನ್ನು ಬೀಜಗಣಿತದಿಂದ ಹೊರಗಿಡಬೇಕೆಂದು ವಾದಿಸಿದ್ದನು. ಎಣಿಸಲಾಗದ್ದು ಸಂಖ್ಯೆಯೇ ಅಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು.

ಬ್ರಹ್ಮಗುಪ್ತನ ಹೆಸರು ಹೇಳಿದ ಮಾತ್ರಕ್ಕೆ ನಿಯಮ ಸಾಬೀತಾಗುವುದೂ ಇಲ್ಲ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದು ಆತನು ಅದೇ ಗ್ರಂಥದಲ್ಲಿ ಹೇಳಿದ್ದನು, ಅದು ಉಳಿಯಲಿಲ್ಲ. 5ನ್ನು ಸೊನ್ನೆಯಿಂದ ಗುಣಿಸಿದರೂ, 900ನ್ನು ಗುಣಿಸಿದರೂ ಸೊನ್ನೆಯೇ ಬರುವುದರಿಂದ ಆ ಭಾಗಾಕಾರಕ್ಕೆ 5 ಎಂದರೂ ಸರಿ, 900 ಎಂದರೂ ಸರಿ ಎಂದಾಗುತ್ತದೆ.